ಕೂಲಿಯ ಜೊತೆಗೆ ಕಲಿಕೆಯನ್ನೂ ಕೇಳೋಣ

ಟೇಕಲ್ ಹೋಬಳಿಯ ಬಂಧುಗಳೇ,

ಬೆಳಗಿನ ಜಾವ ನಮ್ಮ ರೈಲ್ವೆ ಸ್ಟೇಷನ್ನಿಗೆ ಒಮ್ಮೆ ಬಂದು ನೋಡಿ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಬುತ್ತಿ ಚೀಲ ಹಿಡಿದ ನಮ್ಮ ಮಕ್ಕಳು ಮಾಲೂರು, ವೈಟ್‌ಫೀಲ್ಡ್ ಕಡೆಯ ರೈಲಿಗೆ ಕಾಯುತ್ತಿರುತ್ತಾರೆ. ಕೆಲಸ ಸಿಕ್ಕಿತಲ್ಲ ಎಂಬ ಸಮಾಧಾನ ನಮಗಿದೆ. ಆದರೆ ಮೂರು ವರ್ಷ ದುಡಿದ ಮಗಳನ್ನು ‘ಏನು ಕಲಿತೆ?’ ಎಂದು ಕೇಳಿದ್ದೇವೆಯೇ? ‘ಸಂಬಳ ಎಷ್ಟು?’ ಎಂಬಲ್ಲಿಗೇ ನಮ್ಮ ಮಾತು ಮುಗಿಯುತ್ತದೆ. ಎರಡನ್ನೂ ಕೇಳಿ ಎಂದು ಬೇಡಿಕೊಳ್ಳಲು ಈ ಮನವಿ.

ಕಲಿಕೆಯ ಬೆಲೆ ಕಲ್ಲಿನ ಊರಾದ ಟೇಕಲ್‌ಗೆ ಹೊಸದಲ್ಲ. ಬಂಡೆಯ ಮೇಲೆ ಕೂತ ಹಿರಿಯ ಕಲ್ಲುಕುಟಿಗ ಮೊದಲು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾನೆ. ಎಳೆ ಎತ್ತ ಓಡಿದೆ ಎಂದು ಗುರುತಿಸಿ, ಅದರ ಗುಂಟ ಸಾಲಾಗಿ ಕುಳಿ ತೋಡಿ, ಬೆಣೆ ಇಟ್ಟು, ಒಂದೊಂದಕ್ಕೂ ಸಮನಾಗಿ ಪೆಟ್ಟು ಹಾಕುತ್ತಾನೆ. ಚಪ್ಪಡಿ ಗೆರೆ ಕೊಯ್ದಂತೆ ಬಿಡುತ್ತದೆ. ಆ ಕಿವಿ, ಆ ಕೈ ಹದವಾಗಲು ವರ್ಷಗಳು ಬೇಕು. ಇಷ್ಟು ಬಲ್ಲವನಿಗೆ ನಾವು ಕೊಟ್ಟಿದ್ದು ದಿನಗೂಲಿ, ಎದೆ ತುಂಬ ದೂಳು. ಅವನ ಮಗ ಕಸುಬು ಬಿಟ್ಟರೆ ತಪ್ಪು ಯಾರದು?

ಪಕ್ಕದ ಕೆಜಿಎಫ್ ನಮಗೆ ದೊಡ್ಡ ಪಾಠ. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಬಂತು. ಮೂರು ಕಿಲೋಮೀಟರಿಗೂ ಆಳಕ್ಕೆ ಗಣಿ ಇಳಿಯಿತು. ಆದರೆ ಬ್ರಿಟಿಷರ ಕಾಲದಲ್ಲಿ ಮೇಲಿನ ಹುದ್ದೆಗಳು ಬಹುಪಾಲು ಯುರೋಪಿನವರ ಪಾಲಾದವು, ಗಣಿಗಿಳಿದು ಬೆವರು ಸುರಿಸಿದವರು ಕೂಲಿಗಳಾಗಿಯೇ ಉಳಿದರು. 2001ರಲ್ಲಿ ಗಣಿ ಮುಚ್ಚಿದಾಗ ಅವರ ಮಕ್ಕಳೂ ನಮ್ಮ ಮಕ್ಕಳಂತೆಯೇ ಬೆಂಗಳೂರಿನ ರೈಲು ಹತ್ತಬೇಕಾಯಿತು. ಯಂತ್ರ ಊರಿಗೆ ಬಂದ ಮಾತ್ರಕ್ಕೆ ವಿದ್ಯೆ ಊರಿನದಾಗುವುದಿಲ್ಲ.

ನರಸಾಪುರದಲ್ಲಿ 2013ರಿಂದ ಹೊಂಡಾ ಸ್ಕೂಟರ್ ತಯಾರಾಗುತ್ತಿದೆ. ಅಲ್ಲೇ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ಸಿಟ್ಟಿಗೆದ್ದ ಕೆಲಸಗಾರರು ದಾಂಧಲೆ ನಡೆಸಿದ್ದು ನಿಮಗೆ ನೆನಪಿದೆ. ಗಾಜು ಒಡೆದದ್ದು ತಪ್ಪೇ. ಆದರೆ ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿರಲಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಈಗ ಆ ಘಟಕ ಟಾಟಾ ಕೈಯಲ್ಲಿದೆ. ಕೂಲಿಯ ಲೆಕ್ಕ ತಪ್ಪಿದ ಕಡೆ ಕಲಿಕೆ ಬೇರೂರದು ಎಂಬ ಮಾತು ಮಾತ್ರ ಎಲ್ಲ ಕಾರ್ಖಾನೆಗಳಿಗೂ ಸಲ್ಲುತ್ತದೆ.

ಕೂಲಿ, ಕಲಿಕೆ ಎರಡನ್ನೂ ಜೊತೆಗೇ ಬೆಳೆಸಿದ ಕಡೆಯೂ ಉಂಟು. ದಕ್ಷಿಣ ಕೊರಿಯಾ ಒಂದು ಕಾಲಕ್ಕೆ ನಮ್ಮಷ್ಟೇ ಬಡ ದೇಶ. ಅಲ್ಲಿನ ಪೋಸ್ಕೊ ಎಂಬ ಉಕ್ಕಿನ ಕಂಪನಿ ತನ್ನ ಕುಲುಮೆ ಹೊತ್ತಿಕೊಳ್ಳುವ ಮೊದಲೇ ಕೆಲಸಗಾರರನ್ನು ತರಬೇತಿಗೆಂದು ಜಪಾನಿಗೆ ಕಳಿಸಿತು. ಕೈ ಪಳಗಿದಂತೆ ಉತ್ಪಾದನೆ ಏರಿತು, ಅದರೊಡನೆ ಕೂಲಿಯೂ ಏರಿತು. ಅಗ್ಗದ ಕೂಲಿಯನ್ನೇ ನೆಚ್ಚಿ ಅದು ಕೂರಲಿಲ್ಲ.

ಆದ್ದರಿಂದ ಕಾರ್ಖಾನೆಯ ಮಾಲೀಕರಲ್ಲಿ, ಗುತ್ತಿಗೆದಾರರಲ್ಲಿ ಕೈಮುಗಿದು ಕೇಳುತ್ತೇನೆ: ಕೆಲವೇ ತಿಂಗಳಿಗೊಮ್ಮೆ ಹುಡುಗರನ್ನು ಬದಲಿಸಬೇಡಿ. ಕೈಗೆ ಹತ್ತಿದ ಹದವೂ ಅವರ ಜೊತೆಗೇ ಗೇಟು ದಾಟುತ್ತದೆ. ಕಲ್ಲು ಕೊಯ್ಯುವ ಯಂತ್ರ ತಂದರೆ ಅದನ್ನು ನಡೆಸಲು ಕಲ್ಲುಕುಟಿಗನ ಮಗನಿಗೇ ಕಲಿಸಿ. ಇದಕ್ಕೆ ಮಾದರಿ ನಮ್ಮಲ್ಲೇ ಇದೆ: ಹಳೆಯ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಭದ್ರಾವತಿ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನೇ ಯುವಕರಿಗೆ ಕಸುಬು ಕಲಿಸಲು ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರರ ಹೆಸರಿನ ಸಂಸ್ಥೆ ಶುರುವಾದದ್ದು ಹಾಗೆ.

ಯುವಕ ಯುವತಿಯರೇ, ನೇಮಕ ಪತ್ರ, ಸಂಬಳದ ಚೀಟಿ, ತರಬೇತಿಯ ಪ್ರಮಾಣಪತ್ರ ಕೇಳಿ ಪಡೆಯಿರಿ. ತರಬೇತಿಯ ಅವಧಿಗೂ ಭತ್ಯೆ ಕೊಡಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆ ಹೇಳುತ್ತದೆ. ತಾಯ್ತಂದೆಯರೇ, ಮಗಳ ಸಂಬಳದಲ್ಲಿ ಒಂದು ಪಾಲನ್ನು ಅವಳ ಮುಂದಿನ ಓದಿಗೇ ಬಿಡಿ.

ಇನ್ನು ನಾವೆಲ್ಲ ಸೇರಿ ಮಾಡುವ ಕೆಲಸ ಒಂದಿದೆ. ಸಂಜೆ ಆರರ ಮೇಲೆ ನಮ್ಮ ಸರ್ಕಾರಿ ಶಾಲೆಯ ಕೊಠಡಿಗಳು ಖಾಲಿ. ಯಂತ್ರದ ನಕ್ಷೆ ಓದುವುದು, ಅಳತೆ ಹಿಡಿಯುವುದು, ವೈರಿಂಗು ಮಾಡುವುದನ್ನು ಕನ್ನಡದಲ್ಲೇ ಹೇಳಿಕೊಡಬಲ್ಲ ನಿವೃತ್ತ ಕೆಲಸಗಾರರು ನಮ್ಮ ನಡುವೆಯೇ ಇದ್ದಾರೆ. ವಾರಕ್ಕೆ ಎರಡು ಸಂಜೆ ಸಾಕು. ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ಒಂದು ಕೊಠಡಿಯ ಬೀಗದ ಕೈಯನ್ನು ಒಟ್ಟಾಗಿ ಕೇಳೋಣ.