ಹಸಿರಿದ್ದಂತೆಯೇ ಸೊರಗುವ ಗಿಡ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೊಮೆಟೊ ಬೆಳೆಯುವ ಮನೆಗಳ ಮಕ್ಕಳಿಗೆ ಇದು ಹೊಸ ನೋಟವಲ್ಲ. ನಿನ್ನೆ ಸಂಜೆ ನೆಟ್ಟಗಿದ್ದ ಗಿಡ ಇಂದು ಮಧ್ಯಾಹ್ನ ಜೋತುಬಿದ್ದಿದೆ. ಬುಡದಲ್ಲಿ ತೇವವಿದೆ, ಎಲೆ ಹಸಿರಾಗಿಯೇ ಇದೆ. ನೀರು ಸಾಲಲಿಲ್ಲವೆಂದು ಮತ್ತೊಮ್ಮೆ ಮೋಟರು ಹಾಕುತ್ತಾರೆ. ಗಿಡ ಏಳುವುದಿಲ್ಲ.

ಇದೇ ದುಂಡಾಣು ಸೊರಗು ರೋಗ. ಇದಕ್ಕೆ ಕಾರಣ ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾಗಳ ಗುಂಪು. ಅಮೆರಿಕದ ಅರ್ವಿನ್ ಸ್ಮಿತ್ 1896ರಲ್ಲಿ ಇದನ್ನು ವಿವರಿಸಿದರು. ಈಗಿನ ಹೆಸರು ಬಂದದ್ದು 1995ರಲ್ಲಿ. 2014ರಲ್ಲಿ ವಿಜ್ಞಾನಿಗಳು ಒಂದೇ ಎಂದುಕೊಂಡಿದ್ದ ಪ್ರಭೇದವನ್ನು ಮೂರಾಗಿ ವಿಂಗಡಿಸಿದರು. ಹೆಸರಿನಲ್ಲಿ 'ದುಂಡು' ಇದ್ದರೂ ಇದು ದುಂಡಗಿಲ್ಲ. ಪುಟ್ಟ ಕಡ್ಡಿಯ ಆಕಾರ. ಗ್ರಾಂ ಬಣ್ಣದ ಪರೀಕ್ಷೆಯಲ್ಲಿ ನೇರಳೆ ಬಣ್ಣ ಉಳಿಸಿಕೊಳ್ಳದ ವರ್ಗಕ್ಕೆ ಸೇರಿದ್ದು, ಬದುಕಲು ಆಮ್ಲಜನಕ ಬೇಕು.

ನಾಟಿ ಮಾಡುವಾಗ, ಕಳೆ ಕೀಳುವಾಗ ಅಥವಾ ಬೇರುಗಂಟಿನ ಜಂತುಹುಳು ಕೊರೆದಾಗ ಬೇರಿಗೆ ಗಾಯವಾಗುತ್ತದಲ್ಲ, ಅದೇ ಇದರ ಬಾಗಿಲು. ಒಳಹೊಕ್ಕು ನೀರು ಮೇಲೇರುವ ನಾಳ ಸೇರಿ, ಲೆಕ್ಕವಿಲ್ಲದಷ್ಟು ವೃದ್ಧಿಯಾಗಿ, ಲೋಳೆಯಂಥ ಅಂಟು ಸುರಿಸುತ್ತದೆ. ನಾಳ ಕಟ್ಟಿಕೊಂಡ ಮೇಲೆ ಬುಡಕ್ಕೆ ಎಷ್ಟು ನೀರು ಹಾಯಿಸಿದರೇನು?

ರೋಗ ಗುರುತಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಸೊರಗಿದ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲುಗಾಡದೆ ಹಿಡಿದರೆ, ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಕೆಳಗಿಳಿಯುತ್ತವೆ. ಆ ಎಳೆಗಳು ಬ್ಯಾಕ್ಟೀರಿಯಾಗಳ ಸಮೂಹವೇ! ಶಿಲೀಂಧ್ರದಿಂದ ಬರುವ ಸೊರಗಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಈ ವ್ಯತ್ಯಾಸ ತಿಳಿಯದೆ ಶಿಲೀಂಧ್ರನಾಶಕ ಸುರಿದರೆ ಗಿಡವೂ ಉಳಿಯದು, ಮಕ್ಕಳ ಶಾಲೆಯ ಫೀಜಿಗೆಂದು ಎತ್ತಿಟ್ಟ ದುಡ್ಡೂ ಉಳಿಯದು. ಅಂದಹಾಗೆ, ಇದು ಮನುಷ್ಯರಿಗೆ ಅಂಟುವ ರೋಗವಲ್ಲ.

ಗಿಡ ಸತ್ತರೂ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಇನ್ನೂರಕ್ಕೂ ಹೆಚ್ಚು ಜಾತಿಯ ಸಸ್ಯಗಳು ಇದಕ್ಕೆ ಆಶ್ರಯ. ಟೊಮೆಟೊ ಹೋಯಿತೆಂದು ಅದೇ ಜಾಗಕ್ಕೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕುವುದು ರೋಗಕ್ಕೆ ಮತ್ತೆ ಊಟ ಬಡಿಸಿದಂತೆ. ರಾಗಿ, ಮುಸುಕಿನ ಜೋಳ ಹಾಕಿದರೆ ಅದರ ಬಲ ಕುಗ್ಗುತ್ತದೆ. ಅಜ್ಜಂದಿರ ಕಾಲದ ರಾಗಿಗೆ ಈ ಹೊಲಗಳಲ್ಲಿ ಇನ್ನೂ ಕೆಲಸವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ತಳಿಗೆ ಎಲೆಮುದುಡು ನಂಜು, ಅಂಗಮಾರಿ ರೋಗಗಳ ಜೊತೆಗೆ ಈ ಸೊರಗನ್ನೂ ತಡೆಯುವ ಗುಣವಿದೆ.

ಸೊರಗಿದ ಗಿಡ ಕಿತ್ತು ಕಾಲುವೆಗೆ ಎಸೆಯುವ ಅಭ್ಯಾಸ ಮಾತ್ರ ಅಪಾಯದ್ದು. ಹರಿಯುವ ನೀರಿನ ಜೊತೆ ರೋಗ ಕೆಳಗಿನ ತೋಟಕ್ಕೆ ಇಳಿಯುತ್ತದೆ. ಅಂಥ ಗಿಡವನ್ನು ಬೇರುಸಮೇತ ಹೊರಗೊಯ್ದು ಸುಟ್ಟು, ಗುದ್ದಲಿಯ ಮಣ್ಣನ್ನು ತೊಳೆದೇ ಮುಂದಿನ ಸಾಲಿಗೆ ಹೋಗಬೇಕು.