ಹವಳವಿಲ್ಲದ ಕಡಲತೊಟ್ಟಿ

ಗಾಜಿನ ತೊಟ್ಟಿಯಲ್ಲಿ ಕಡಲನ್ನು ಕೂಡಿಟ್ಟು ಅದರಲ್ಲಿ ಹವಳವನ್ನು ಬೆಳೆಸಬೇಕೆಂಬ ಆಸೆ ಕರಾವಳಿಯವರಿಗೆ ಮಾತ್ರ ಮೀಸಲಾದುದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂತಹ ಒಳನಾಡಿನಲ್ಲಿ ಇದು ಸಾಧ್ಯವೇ? ಸಾಧ್ಯವಾದರೂ ಉಚಿತವೇ? ಇವೆರಡನ್ನೂ ಬೇರೆಬೇರೆಯಾಗಿಯೇ ವಿಚಾರಿಸಬೇಕು. ತೊಟ್ಟಿಯನ್ನು ಅಣಿಗೊಳಿಸುವುದು ಸಾಧ್ಯ, ಬೋಧಪ್ರದವೂ ಹೌದು. ಅದರಲ್ಲಿ ಹವಳವನ್ನಿಡುವುದು ಮಾತ್ರ ಸಲ್ಲದು ಎಂಬುದು ನಮ್ಮ ಮತ.

ಕೊರಳ ಸರದ ಹವಳವನ್ನಷ್ಟೇ ಕಂಡವರಿಗೆ ಅದು ಕಲ್ಲೆಂದು ತೋರುವುದು ಸಹಜ. ವಸ್ತುತಃ ಹವಳವು ಪ್ರಾಣಿ. ಬಂಡೆ ಕಟ್ಟುವ ಜಾತಿಗಳು ಕಡಲಿನಿಂದ ಸುಣ್ಣವನ್ನು ಹೀರಿ ಮನೆ ಕಟ್ಟುತ್ತವೆ. ಇವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯು ಬೆಳಕಿನಿಂದ ಆಹಾರ ತಯಾರಿಸಿ ಅದರ ಬಹುಭಾಗವನ್ನು ಒಡೆಯನಿಗೇ ಕೊಡುತ್ತದೆ. ನೀರಿನ ಉಷ್ಣತೆಯು ಬೇಸಗೆಯ ವಾಡಿಕೆಯ ಮೇರೆಯನ್ನು ಒಂದೇ ಡಿಗ್ರಿಯಷ್ಟು ಮೀರಿ ಕೆಲವು ವಾರ ನಿಂತರೆ ಈ ಸ್ನೇಹ ಮುರಿಯುತ್ತದೆ. ಪಾಚಿ ಹೊರಬಿದ್ದು ಹವಳ ಬಿಳುಚುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳಬಂಡೆಗಳು ಹೀಗೆ ಬಿಳುಚಿದುವು.

ಇಂತಹ ಜೀವಿಗೆ ಒಪ್ಪುವ ನೀರು ಯಾವುದು? ಅಡಿಗೆಯ ಉಪ್ಪನ್ನು ಕರಗಿಸಿದ ಮಾತ್ರಕ್ಕೆ ಕಡಲಾಗದು. ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರಬೇಕು. ಅವುಗಳಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, ಅದರ ಮೂರರಷ್ಟು ಮೆಗ್ನೀಸಿಯಂ ಸೇರಿರಬೇಕು. ಇದಕ್ಕಾಗಿ ಸಿದ್ಧಪಡಿಸಿದ ಲವಣಮಿಶ್ರಣ ದೊರೆಯುತ್ತದೆ. ಅದನ್ನು ಕರಗಿಸುವ ನೀರು ಮಾತ್ರ ಶುದ್ಧವಾಗಿರತಕ್ಕದ್ದು. ನಮ್ಮ ಕೊಳವೆಬಾವಿಗಳ ನೀರು ಗಡಸು. ಕುಷ್ಟಗಿ, ಯಲಬುರ್ಗಾಗಳ ಹಲವು ಬಾವಿಗಳಲ್ಲಿ ಫ್ಲೋರೈಡು ಕುಡಿಯುವ ನೀರಿನ ಮಿತಿಯಾದ 1.5 ಮಿಲಿಗ್ರಾಮನ್ನು ಮೀರಿದೆ. ಕಡಲಿನಲ್ಲಿಯೇ ಅದು ಲೀಟರಿಗೆ ಸುಮಾರು 1.3 ಮಿಲಿಗ್ರಾಂ! ಶೋಧಕಯಂತ್ರದಿಂದ ಶುದ್ಧೀಕರಿಸಬಹುದು, ಆದರೆ ಅದು ಒಂದು ಪಾಲು ಕೊಡಲು ಇನ್ನೊಂದು ಪಾಲನ್ನು ಚೆಲ್ಲುತ್ತದೆ. ನೀರಿಗೆ ಕೊಡ ಹಿಡಿದು ನಿಲ್ಲುವ ನಾಡಿನಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯದಿರಲಾಗದು. ಮಳೆಯ ನೀರೇ ಮೇಲು. 10 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ಆಗುತ್ತದೆ. ತಾರಸಿಯನ್ನು ತೊಳೆದು ಹರಿಯುವ ಮೊದಲ ಮಳೆಯನ್ನು ಬಿಟ್ಟು ಉಳಿದುದನ್ನು ಹಿಡಿಯಬೇಕು.

ಇನ್ನು ಆವಿಯ ಮಾತು. 100 ಲೀಟರ್ ತೊಟ್ಟಿಯಲ್ಲಿ 3.5 ಕಿಲೋಗ್ರಾಂ ಲವಣವಿದೆಯೆನ್ನೋಣ. 10 ಲೀಟರ್ ಆವಿಯಾದರೆ ನೀರು ಹೋಯಿತು, ಲವಣ ಉಳಿಯಿತು. ಲೀಟರಿಗೆ 35 ಇದ್ದುದು ಸುಮಾರು 39 ಗ್ರಾಂ ಆಯಿತು. ಈ ಕೊರತೆಯನ್ನು ಉಪ್ಪುನೀರಿನಿಂದ ತುಂಬುತ್ತ ಹೋದರೆ ಮೂರನೆಯ ಸಲಕ್ಕೆ 45ನ್ನು ದಾಟುತ್ತದೆ. ಆದುದರಿಂದ ಸಿಹಿನೀರನ್ನೇ ಸೇರಿಸತಕ್ಕದ್ದು. ಸಾಪೇಕ್ಷ ಸಾಂದ್ರತೆಯು 1.026ರ ಸಮೀಪದಲ್ಲಿದೆಯೇ ಎಂದು ದ್ರವಸಾಂದ್ರಮಾಪಕದಿಂದ ನಿತ್ಯವೂ ನೋಡಬೇಕು. ಈ ಚಿಕ್ಕ ಲೆಕ್ಕವೇ ಗಂಗಾವತಿಯ ಗದ್ದೆಗಳ ದೊಡ್ಡ ಲೆಕ್ಕವೂ ಆಗಿದೆ. ತುಂಗಭದ್ರೆಯ ಕಾಲುವೆ ಹರಿದಲ್ಲಿ ಬಸಿದುಹೋಗಲು ದಾರಿಯಿಲ್ಲದ ನೀರು ಆವಿಯಾಗುತ್ತದೆ, ಅದರ ಲವಣ ಮಣ್ಣಿನಲ್ಲಿ ನಿಲ್ಲುತ್ತದೆ. ಸವುಳಾದ ಹೊಲವನ್ನು ಕಂಡ ರೈತನ ಮಗನಿಗೆ ಈ ತೊಟ್ಟಿಯು ವಿನೋದದ ವಸ್ತುವಲ್ಲ. ತನ್ನ ಹೊಲದ ಮಾದರಿ.

ಇದೇ ಆವಿಯಿಂದ ಉಪಕಾರವೂ ಉಂಟು. ಹವಳಕ್ಕೆ ಸುಮಾರು 25ರಿಂದ 27 ಡಿಗ್ರಿ ಹಿತ; ನಮ್ಮ ಬೇಸಗೆಯಾದರೋ 40ನ್ನು ಮುಟ್ಟುತ್ತದೆ. ತೊಟ್ಟಿಯ ಮೇಲೆ ಫ್ಯಾನಿನ ಗಾಳಿ ಹಾಯಿಸಿದರೆ ಮಣ್ಣಿನ ಹೂಜಿಯಂತೆ ಅದೂ ತಣಿಯುತ್ತದೆ. ಹೊರಗಿನ ಶಾಖ ಒಳಬರದಿದ್ದಲ್ಲಿ, ಒಂದು ಲೀಟರ್ ಆವಿಯಾಗುವುದರಿಂದ 100 ಲೀಟರ್ ನೀರು ಐದು ಡಿಗ್ರಿಗೂ ಹೆಚ್ಚು ತಂಪಾಗಬೇಕು. ಒಣಗಾಳಿಯ ನಮ್ಮ ಸೀಮೆಯಲ್ಲಿ ಈ ಉಪಾಯವು ಮಂಗಳೂರಿಗಿಂತ ಚೆನ್ನಾಗಿ ಫಲಿಸುತ್ತದೆ. ಆದರೆ ಮೇ ತಿಂಗಳ ಮಧ್ಯಾಹ್ನ ವಿದ್ಯುತ್ತು ನಿಂತಿತೆಂದರೆ ಫ್ಯಾನು, ನೀರನ್ನಾಡಿಸುವ ಪಂಪು ಎರಡೂ ನಿಂತುವು. ಬಿಸಿಯಾದ ಉಪ್ಪುನೀರಿನಲ್ಲಿ ಆಮ್ಲಜನಕವು ಕಡಮೆ ಕರಗುತ್ತದೆ.

ಕೊನೆಯ ಸಿದ್ಧತೆಯೆಂದರೆ ತಾಳ್ಮೆ. ಕೊಳೆತ ಪದಾರ್ಥದಿಂದ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟನ್ನಾಗಿಯೂ, ಬೇರೊಂದು ಬಗೆಯವು ಅದನ್ನು ನೈಟ್ರೇಟನ್ನಾಗಿಯೂ ಮಾಡುತ್ತವೆ. ಮೊದಲೆರಡು ವಿಷ. ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಣವಿದ್ದವನೂ ಈ ಕಾಲವನ್ನು ಕೊಂಡುಕೊಳ್ಳಲಾರ.

ಇಷ್ಟೆಲ್ಲ ಸಿದ್ಧವಾದ ಮೇಲೆ ಹವಳವೇಕೆ ಬೇಡ? ಮೊದಲನೆಯದಾಗಿ, ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳೆಲ್ಲವೂ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳೂ ಸೇರಿದುವು. ಹುಲಿಗಿರುವ ರಕ್ಷಣೆಯೇ ಇವುಗಳಿಗೂ ಉಂಟು. ಎರಡನೆಯದಾಗಿ, ನ್ಯಾಯ. ನಮ್ಮ ರಾಜ್ಯದ ಹವಳಗಳನ್ನು ಕಾಣಬೇಕಾದರೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಅರಸಬೇಕು; ಅಷ್ಟು ಅಪರೂಪ. ಮಾರುವವನು ಇದು ತೊಟ್ಟಿಯಲ್ಲಿಯೇ ಬೆಳೆದ ತುಂಡೆನ್ನಬಹುದು. ಅದನ್ನು ಕಡಲಿನಿಂದ ಕಿತ್ತುದೋ ಅಲ್ಲವೋ ಎಂದು ಕೊಳ್ಳುವವನು ಕಂಡುಹಿಡಿಯುವ ಬಗೆಯೇನು? ಒಂದು ಮಧ್ಯಾಹ್ನದ ವಿದ್ಯುತ್ತಿನ ಮೇಲೆ ಅಂತಹ ಜೀವವನ್ನು ಪಣವಿಡುವುದು ವಿಜ್ಞಾನವಲ್ಲ.

ಹಾಗಾದರೆ ತೊಟ್ಟಿ ಬರಿದಾಗಿರಬೇಕೆ? ಬೇಕಿಲ್ಲ. ಆರ್ಟೀಮಿಯವೆಂಬ ಉಪ್ಪುನೀರಿನ ಸೀಗಡಿಯ ಒಣ ಮೊಟ್ಟೆಗಳು ಮೀನಿನ ಆಹಾರಕ್ಕಾಗಿ ಮಾರಾಟಕ್ಕಿವೆ. ಉಪ್ಪುನೀರಿಗೆ ಹಾಕಿದ ಒಂದೆರಡು ದಿನಗಳಲ್ಲಿ ಅವು ಒಡೆದು ಮರಿಗಳು ಈಜಾಡುತ್ತವೆ. ನಮ್ಮ ಪ್ರೌಢಶಾಲೆ, ಕಾಲೇಜುಗಳು ಇಂತಹ ಒಂದೊಂದು ತೊಟ್ಟಿಯನ್ನಿಟ್ಟು, ಉಷ್ಣತೆ, ಸಾಂದ್ರತೆ, ಆವಿಯಾದ ನೀರು ಇವಿಷ್ಟನ್ನು ವಿದ್ಯಾರ್ಥಿಗಳಿಂದ ವರ್ಷವಿಡೀ ಬರೆಯಿಸಲಿ. ಒಂದೇ ಡಿಗ್ರಿಯನ್ನು ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟವೆಂದು ಆ ಪುಸ್ತಕವೇ ಹೇಳುತ್ತದೆ. ಅದನ್ನು ಅರಿತವನು ಹವಳವನ್ನು ಕಡಲಿನಲ್ಲಿಯೇ ಇರಗೊಡುವನು.