ಮನೆಯ ಆರೋಗ್ಯ: ಕಣ್ಣಿನೊಳಗಿನ ಧಮನಿಗಳು

ನಲವತ್ತು ದಾಟಿದ ಗೃಹಸ್ಥರು ಕನ್ನಡಕಕ್ಕಾಗಿಯೂ, ಮನೆಯ ಹಿರಿಯರು ಪೊರೆ ತೆಗೆಸುವುದಕ್ಕಾಗಿಯೂ ಕಣ್ಣಿನ ವೈದ್ಯರಲ್ಲಿಗೆ ಹೋಗುವುದುಂಟು. ಅಲ್ಲಿ ವೈದ್ಯರು ಔಷಧದಿಂದ ಪಾಪೆಯನ್ನು ಹಿಗ್ಗಿಸಿ ಒಳಗನ್ನು ನೋಡಿ, “ರಕ್ತದ ಒತ್ತಡವನ್ನು ಪರೀಕ್ಷೆ ಮಾಡಿಸಿರಿ” ಎಂದರೆ, ಕಣ್ಣಿಗೂ ಅದಕ್ಕೂ ಏನು ಸಂಬಂಧವೆಂದು ಅನೇಕರು ಆ ಮಾತನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಸಂಬಂಧವು ಬಹು ನಿಕಟವಾದುದು.

ಚರ್ಮವನ್ನು ಕೊಯ್ಯದೆ ಧಮನಿಗಳನ್ನು ಸ್ಪಷ್ಟವಾಗಿ ಕಾಣಬಹುದಾದ ಸ್ಥಳವೆಂದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲವು. ಅದನ್ನು ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿದ್ವಾಂಸನು 1851ರಲ್ಲಿ ಪ್ರಕಟಿಸಿದನು. 1939ರಲ್ಲಿ ಕೀತ್, ವ್ಯಾಗನರ್, ಬಾರ್ಕರ್ ಎಂಬ ಅಮೆರಿಕದ ವೈದ್ಯರು ಅಲ್ಲಿ ಕಾಣುವ ವಿಕಾರಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ದರ್ಜೆಯು ಏರಿದಷ್ಟೂ ರೋಗಿಯ ಆಯುಸ್ಸು ಕುಗ್ಗುವುದೆಂದು ತೋರಿಸಿದರು.

ಪಂಪಿನ ಕೊಳವೆಯು ಒಳಗೆ ಕಟ್ಟಿಕೊಂಡು ಕಿರಿದಾದರೆ ಪಂಪು ಎಷ್ಟು ಶ್ರಮಿಸಬೇಕೆಂಬುದನ್ನು ನಾಗಮಂಗಲದ ಕಡೆಯ ರೈತರಿಗೆ ಹೇಳಬೇಕಾದುದಿಲ್ಲ. ಹೃದಯದ ಪಾಡೂ ಅದೇ. ಒತ್ತಡವು ವರ್ಷಗಟ್ಟಲೆ ಹೆಚ್ಚಾಗಿದ್ದರೆ ಧಮನಿಯ ಗೋಡೆಯು ದಪ್ಪನಾಗಿ ಗಡುಸಾಗುತ್ತದೆ. ವೈದ್ಯರ ಬೆಳಕಿಗೆ ಮೊದಲು ತಾಮ್ರದ ತಂತಿಯಂತೆಯೂ, ರೋಗವು ಬಲಿತ ಮೇಲೆ ಬೆಳ್ಳಿಯ ತಂತಿಯಂತೆಯೂ ಹೊಳೆಯುತ್ತದೆ. ಸಿರೆಯನ್ನು ದಾಟುವೆಡೆಯಲ್ಲಿ ಅದನ್ನು ಅದುಮುತ್ತದೆ. ಕಣ್ಣಿನಲ್ಲಿ ಹೀಗಾಗಿದ್ದರೆ ಮೆದುಳು, ಹೃದಯ, ಮೂತ್ರಪಿಂಡಗಳ ಧಮನಿಗಳೂ ಕೆಡುತ್ತಿರಬಹುದೆಂದು ಎಣಿಸತಕ್ಕದ್ದು. ಆದರೆ ಮೊದಮೊದಲು ನೋವಿಲ್ಲ, ದೃಷ್ಟಿಯೂ ಮಂದವಾಗದು. ಪಾರ್ಶ್ವವಾಯು ಬಡಿದ ದಿನ “ನಿನ್ನೆಯವರೆಗೂ ಚೆನ್ನಾಗಿದ್ದರಲ್ಲಾ” ಎನ್ನುತ್ತೇವೆ. ಕಣ್ಣನ್ನು ನೋಡಿಸಿದ್ದರೆ ಎಷ್ಟೋ ಮೊದಲೇ ಸೂಚನೆ ದೊರೆಯುತ್ತಿತ್ತು.

ಒಮ್ಮೆ ಗಡುಸಾದ ಧಮನಿಯು ಸುಲಭವಾಗಿ ಮೊದಲಿನಂತಾಗದು. ಆದರೆ ರೋಗವು ಮುಂದುವರಿಯದಂತೆ ತಡೆಯಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಒತ್ತಡವನ್ನು ಅಳೆಯಿಸಿಕೊಳ್ಳಬಹುದು. ಅದು ಮತ್ತೆ ಮತ್ತೆ 140/90ನ್ನು ಮುಟ್ಟಿದರೆ ಉದಾಸೀನ ಮಾಡಬಾರದು. ಹೆಚ್ಚಿನ ಪರೀಕ್ಷೆಗೆ ಮಂಡ್ಯದಲ್ಲಿಯೂ, ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಸಕ್ಕರೆ ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲವನ್ನು ತೋರಿಸಿಕೊಳ್ಳತಕ್ಕದ್ದು.

ಅಡಿಗೆಯ ಮನೆಯ ಪಾಲೂ ಇದರಲ್ಲಿ ದೊಡ್ಡದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಸೇರಿ ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು. ಬೀಡಿ, ಹೊಗೆಸೊಪ್ಪುಗಳನ್ನು ಬಿಡಬೇಕು. ಮೈ ಹಗುರವಾಯಿತೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಒಂದು ಕಣ್ಣಿಗೆ ಫಕ್ಕನೆ ಕತ್ತಲೆ ಕವಿದು ಕೆಲವು ನಿಮಿಷಗಳಲ್ಲಿ ತಿಳಿಯಾದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆಯೆನ್ನಬಾರದು.